ಗೋಡೌನಿನಲ್ಲಿ ಹಾಕಿದ ಸಹಿ

ಅವಳನ್ನು ಆ ಬೀದಿಯವರೆಲ್ಲ ಪರದೆಯಕ್ಕ ಎಂದೇ ಕರೆಯುತ್ತಿದ್ದರು. ಕಿಟಕಿ ಪರದೆ, ಬಾಗಿಲ ಪರದೆ, ಸೋಫಾದ ಹೊದಿಕೆ, ದಿಂಬಿನ ಚೀಲ, ಇಷ್ಟನ್ನು ಬಿಟ್ಟು ಬೇರೇನನ್ನೂ ಅವಳು ಹೊಲಿಯುತ್ತಿರಲಿಲ್ಲ. ಯಾರಾದರೂ ಅಂಗಿಗೋ ಲಂಗಕ್ಕೋ ಬಟ್ಟೆ ಹಿಡಿದು ಬಂದರೆ, "ಮೈಗೆ ಹೊಲಿಯೋದು ನನ್ನ ಕೈಲಾಗಲ್ಲ. ಮೈ ದಿನಕ್ಕೊಂದು ಅಳತೆ ಹೇಳುತ್ತೆ. ಕಿಟಕಿ ಪಾಪ, ಒಂದೇ ಮಾತು" ಎಂದು ನಗುತ್ತ ಕಳಿಸಿಬಿಡುತ್ತಿದ್ದಳು. ಅಳತೆಗೆಂದು ಜನರ ಮನೆಯೊಳಗೆ ಹೋಗುವವಳು ಅವಳು. ಯಾರ ಮಲಗುವ ಕೋಣೆಯಲ್ಲಿ ಹಾಸಿಗೆ ಎರಡಾಗಿದೆ, ಯಾರ ಮನೆಯಲ್ಲಿ ಬೀಗ ಹಾಕಿದ ಕಪಾಟು ಹೆಚ್ಚು, ಎಲ್ಲ ಕಣ್ಣಿಗೆ ಬೀಳುತ್ತಿತ್ತು. ಆದರೆ ಒಂದು ಮನೆಯ ಸುದ್ದಿಯನ್ನು ಇನ್ನೊಂದು ಮನೆಗೆ ಒಯ್ದವಳಲ್ಲ. ಅದಕ್ಕೇ ಜನ ಕೀಲಿಕೈ ಕೊಟ್ಟು, "ಬಂದು ಹಾಕಿಬಿಟ್ಟು ಹೋಗಿ ಅಕ್ಕಾ" ಎಂದು ಊರಿಗೆ ಹೋಗುತ್ತಿದ್ದರು.

ತಾಯಿ ತೀರಿಕೊಂಡಾಗ ಅವಳ ತಮ್ಮ ಇನ್ನೂ ಶಾಲೆಯ ಚಡ್ಡಿ ಹಾಕುತ್ತಿದ್ದ. ಮದುವೆಯಾಗಿ ಗಂಡನ ಮನೆಗೆ ಹೊರಟಾಗ ತಮ್ಮನನ್ನೂ ಕರೆದುಕೊಂಡೇ ಹೋದಳು. ಗಂಡ ಬಸ್ ಡಿಪೋದಲ್ಲಿ ಟಯರು ವಿಭಾಗದ ಕೆಲಸಗಾರ. ಮಾತು ಕಡಿಮೆ, ಆಡಿದರೆ ಸ್ವಲ್ಪ ಕೊಂಕು. "ಒಂದು ಟಯರು ಕೇಳಿದ್ದೆ, ಸ್ಟೆಪ್ನಿನೂ ಕೊಟ್ರು" ಎಂದು ಗೆಳೆಯರ ಮುಂದೆ ತಮಾಷೆ ಮಾಡಿದನಾದರೂ ಹುಡುಗನ ಶಾಲೆಯ ಶುಲ್ಕವನ್ನು ಒಮ್ಮೆಯೂ ತಡಮಾಡಿದವನಲ್ಲ. ಅವರಿಗೆ ಮಕ್ಕಳಾಗಲಿಲ್ಲ. ತಮ್ಮನೇ ಮಗನ ಹಾಗೆ ಬೆಳೆದ.

ಬೆಳೆದನೇನೋ ಸರಿ, ಎಲ್ಲೂ ನೆಲೆ ನಿಲ್ಲಲಿಲ್ಲ. ನೋಡಲು ಚೆಂದ, ಮಾತು ಸಕ್ಕರೆ, ಕೆಲಸ ಮಾತ್ರ ಮೂರು ತಿಂಗಳಿಗೊಂದು. ಕೊನೆಗೆ ನಲ್ಲಿ, ಶವರು, ಕಮೋಡು, ಬೇಸಿನ್ನು ಮಾರುವ ದೊಡ್ಡ ಅಂಗಡಿಯೊಂದರ ಗೋಡೌನಿನಲ್ಲಿ ಸಾಮಾನು ಲೆಕ್ಕ ಇಡುವ ಕೆಲಸ ಸಿಕ್ಕಿತು. ಅಲ್ಲಿ ಎರಡು ವರ್ಷ ನಿಂತ. ಅಷ್ಟರಲ್ಲಿ ಮದುವೆಯೂ ಆಯಿತು, ಬೇರೆ ಮನೆಯೂ ಆಯಿತು. ಅಕ್ಕ ನಿರಾಳವಾಗಿ ಉಸಿರು ಬಿಟ್ಟಳು.

ಆ ಅಂಗಡಿಯ ಯಜಮಾನ ದನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಹೆಂಗಸರು ಯಾರೇ ಬರಲಿ "ಬಾ ತಂಗಿ" ಎನ್ನುವ ಅಭ್ಯಾಸ. ಒಂದು ಮಧ್ಯಾಹ್ನ ಅವನೇ ಫೋನ್ ಮಾಡಿದ.

"ನಿನ್ನ ತಮ್ಮ ಇಲ್ಲೇ ನಮ್ಮ ಗೋಡೌನಲ್ಲಿದಾನಮ್ಮ. ಸ್ವಲ್ಪ ಬಂದು ಹೋಗ್ತೀಯಾ? ಗಾಬರಿ ಬೀಳೋಂಥದ್ದೇನಿಲ್ಲ."

ಗಾಬರಿ ಬೀಳಬೇಡ ಎಂದ ಮೇಲೆ ಗಾಬರಿಯಾಗದೆ ಇರುತ್ತದೆಯೇ. ಎದೆಯ ಮೇಲೆ ಬಟ್ಟೆಗೆ ಚುಚ್ಚಿಕೊಂಡಿದ್ದ ಸೂಜಿಯನ್ನೂ ತೆಗೆಯದೆ ಅವಳು ತನ್ನ ಹೊಲಿಗೆ ಅಂಗಡಿಗೆ ಬೀಗ ಜಡಿದು ಓಡಿದಳು.

ಗೋಡೌನಿನ ಶಟರು ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋಗಬೇಕಾಯಿತು. ಒಳಗೆ ರಟ್ಟಿನ ಡಬ್ಬಗಳ ಗೋಡೆ, ಒಂದರೊಳಗೊಂದು ಕೂರಿಸಿಟ್ಟ ಬೇಸಿನ್ನುಗಳು, ನೆಲದ ತುಂಬ ಹುಲ್ಲಿನ ಚೂರು. ಆ ಹುಲ್ಲಿನ ಮೇಲೆ ತಮ್ಮ ಕೂತಿದ್ದ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಚಪ್ಪಲಿಯನ್ನು ಯಾರೋ ತೆಗೆದು ಮೇಲಿನ ಹಲಗೆಯ ಮೇಲೆ ಇಟ್ಟಿದ್ದರು. ಅವನ ಫೋನು ಅಂಗಡಿಯ ಡ್ರೈವರನ ಜೇಬಿನಲ್ಲಿತ್ತು. ಬೆಳಿಗ್ಗೆಯಿಂದ ಅವನು ಅಲ್ಲೇ ಕೂತಿದ್ದಾನೆಂದು ಅವಳಿಗೆ ಮುಖ ನೋಡಿದರೇ ಗೊತ್ತಾಯಿತು.

"ಕೂತ್ಕೋ ತಂಗಿ" ಎಂದ ಯಜಮಾನ. ಕುರ್ಚಿ ಇರಲಿಲ್ಲ. ಡ್ರೈವರು ಪ್ಲಾಸ್ಟಿಕ್ ಸುತ್ತಿದ್ದ ಹೊಸ ಕಮೋಡೊಂದನ್ನು ಮುಂದಕ್ಕೆ ಸರಿಸಿ ಮುಚ್ಚಳ ಮುಚ್ಚಿದ. ಅವಳು ಅದರ ಮೇಲೆ ಕೂತಳು. ಚಹಾ ಬಂತು.

ಮಾಲು ಕಡಿಮೆ ಬಿದ್ದಿದೆ, ಹಿತ್ತಾಳೆ ನಲ್ಲಿಗಳು ಪೆಟ್ಟಿಗೆ ಪೆಟ್ಟಿಗೆಯೇ ಮಾಯವಾಗಿವೆ, ಕೀಲಿ ನಿನ್ನ ತಮ್ಮನ ಕೈಯಲ್ಲಿತ್ತು ಎಂದು ಯಜಮಾನ ಮೆಲ್ಲಗೆ ವಿವರಿಸಿದ. ಅವನು ಹೇಳಿದ ಮೊತ್ತ ಕೇಳಿ ಅವಳು ಲೋಟವನ್ನು ಪಕ್ಕದ ಡಬ್ಬದ ಮೇಲಿಟ್ಟಳು. ಹಬೆ ಅಡಗಿ ಚಹಾ ಕೆನೆ ಕಟ್ಟುವವರೆಗೂ ಅದು ಅವಳ ತುಟಿಗೆ ಹೋಗಲಿಲ್ಲ.

"ನೀನು ತಗೊಂಡಿದೀಯೇನೋ?" ಎಂದು ತಮ್ಮನನ್ನು ಕೇಳಿದಳು. ಅವನು ತಲೆ ತಗ್ಗಿಸಿಕೊಂಡೇ ಇಲ್ಲವೆಂದು ಅಲ್ಲಾಡಿಸಿದ. ಅವಳಿಗೆ ಅಷ್ಟು ಸಾಕಾಯಿತು.

"ಪೊಲೀಸ್ರಿಗೆ ಕೊಟ್ರೆ ಅವರು ಅವರ ರೀತೀಲಿ ಕೇಳ್ತಾರೆ" ಎಂದ ಯಜಮಾನ. "ಹುಡುಗನ ಮೈ ತಡೆಯಲ್ಲ. ನನಗೂ ಅದು ಇಷ್ಟ ಇಲ್ಲ. ನೀನು ಅಂಗಡಿ ಇಟ್ಕೊಂಡಿರೋಳು, ಮರ್ಯಾದಸ್ಥೆ. ಒಂದು ಕಾಗದ ಬರೆದುಕೊಡು, ಕಂತಿನ ಮೇಲೆ ತೀರಿಸು, ಮುಗೀತು."

ಕಾಗದ ಆಗಲೇ ಸಿದ್ಧವಾಗಿತ್ತು. ತನ್ನ ಅಂಗಡಿಯನ್ನು ದೊಡ್ಡದು ಮಾಡಲು ಅವಳು ಯಜಮಾನನಿಂದ ನಗದಾಗಿ ಸಾಲ ಪಡೆದಿದ್ದಾಳೆ, ಕೇಳಿದಾಗ ಬಡ್ಡಿ ಸಮೇತ ಕೊಡುತ್ತಾಳೆ ಎಂದು ಅದರಲ್ಲಿತ್ತು. ಗೋಡೌನು, ನಲ್ಲಿ, ತಮ್ಮ, ಯಾವುದರ ಸುದ್ದಿಯೂ ಇರಲಿಲ್ಲ.

ಅವಳು ಎರಡು ಸಲ ಓದಿದಳು. "ನಮ್ಮನೆಯವರನ್ನ ಒಂದು ಮಾತು ಕೇಳಿ ನಾಳೆ ಬರ್ತೀನಿ" ಎಂದಳು.

"ಆಗ್ಲಮ್ಮ, ಅಗತ್ಯವಾಗಿ ಹೋಗಿ ಬಾ" ಎಂದ ಯಜಮಾನ. "ಇವನು ಇಲ್ಲೇ ಇರ್ತಾನೆ."

ಅವಳು ಶಟರಿನ ಕಡೆ ನೋಡಿದಳು, ತಮ್ಮನ ಬರಿಗಾಲು ನೋಡಿದಳು. ಆಮೇಲೆ ಪೆನ್ನು ಕೇಳಿದಳು. ಡ್ರೈವರು ಮತ್ತು ಮೂಟೆ ಹೊರುವವನೊಬ್ಬ ಸಾಕ್ಷಿ ಹಾಕಿದರು. ಶಟರು ಪೂರ್ತಿ ಮೇಲೆ ಹೋಯಿತು.

ಗಂಡನಿಗೆ ಅವಳು ಹೇಳಲಿಲ್ಲ. ಹೇಳಿದರೆ ಅವನು ಸೀದಾ ಹೋಗಿ ಯಜಮಾನನ ಕೊರಳಪಟ್ಟಿ ಹಿಡಿಯುತ್ತಾನೆ, ಆಮೇಲೆ ಪೊಲೀಸು, ಆಮೇಲೆ ತಮ್ಮ ಒಳಗೆ. ಹೊಟ್ಟೆಯಲ್ಲಿ ಹಾಕಿಕೊಂಡು ಎರಡು ಕಂತು ಕಟ್ಟಿದಳು. ಹೊಸ ಮನೆಗಳಿಗೆ ಜನ ಬರುವ ಕಾಲವಾದ್ದರಿಂದ ಕೆಲಸವಿತ್ತು, ಹೇಗೋ ಆಯಿತು. ಆಮೇಲೆ ಕೆಲಸ ಇಳಿಯಿತು, ಕಂತೂ ನಿಂತಿತು. ತಮ್ಮ ಔಷಧಿ ಅಂಗಡಿಯೊಂದರಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಕೆಲಸ ಹಿಡಿದಿದ್ದ. ಅವನ ಹೆಂಡತಿ ಬಸುರಿಯಾಗಿದ್ದಳು. ಅಕ್ಕ ತಮ್ಮ ಇಬ್ಬರೂ ಆ ದಿನದ ಮಾತನ್ನೇ ಎತ್ತುತ್ತಿರಲಿಲ್ಲ.

ಯಜಮಾನ ಹಾಕಿದ ದಾವೆಯ ಸಮನ್ಸು ಬಂದ ದಿನ ಅವಳು ಯಾರದೋ ಮನೆಯಲ್ಲಿ ಏಣಿಯ ಮೇಲಿದ್ದಳು. ಬೀದಿಯವರು ಕೋರ್ಟಿನ ಆಳಿಗೆ ಮನೆ ತೋರಿಸಿದರು. ಗಂಡ ಸಹಿ ಹಾಕಿ ತೆಗೆದುಕೊಂಡ. ಸಂಜೆ ಅವಳು ಬಂದಾಗ ಅದು ಊಟದ ಮೇಜಿನ ಮೇಲೆ, ನೀರಿನ ಜಗ್ಗಿನ ಕೆಳಗೆ ಇತ್ತು.

"ನಾನು ನಿನಗೆ ಯಾರು?" ಎಂದು ಗಂಡ ಕೇಳಿದ. ಕೂಗಲಿಲ್ಲ. ಕೂಗಿದ್ದರೆ ಅವಳಿಗೆ ಎಷ್ಟೋ ಸುಲಭವಾಗುತ್ತಿತ್ತು.

ಅವಳು ಎಲ್ಲ ಹೇಳಿದಳು. ಅವನು ಕೇಳಿಸಿಕೊಂಡು ಎದ್ದು ಹೋಗಿ ಕೈ ತೊಳೆದು ಬಂದ, ಟಯರಿನ ಕಪ್ಪು ಆಗಲೇ ತೊಳೆದಾಗಿದ್ದರೂ. "ನನಗೆ ಕೋಪ ಬಂದಿರೋದು ದುಡ್ಡಿಗಲ್ಲ" ಎಂದಷ್ಟೇ ಹೇಳಿ ಮಲಗಿದ. ಆಮೇಲೆ ಬಹಳ ದಿನ ಅವರಿಬ್ಬರ ನಡುವೆ ಉಪ್ಪು, ನೀರು, ಕೀಲಿಕೈ ಇಷ್ಟರದೇ ಮಾತು.

ವಕೀಲೆಯ ಕಚೇರಿ ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಅಲ್ಲಿನ ಪರದೆಗಳನ್ನು ಹೊಲಿದಿದ್ದವಳು ಇವಳೇ, ಪರಿಚಯವೂ ಅಷ್ಟೇ. ವಕೀಲೆ ಐವತ್ತರ ಹೆಂಗಸು, ಕನ್ನಡಕ ಹಣೆಯ ಮೇಲಿಟ್ಟುಕೊಂಡು ಅದನ್ನೇ ಹುಡುಕುವವಳು. ಸಮನ್ಸು ಓದಿ ಮುಗಿಸಿ ನಿಟ್ಟುಸಿರಿಟ್ಟಳು.

"ಸಾಮಾನ್ಯ ಕೇಸಾದ್ರೆ ಅವರು ಹೇಳಿದ್ದಕ್ಕೆ ನಾವು ಉತ್ತರ ಹಾಕ್ತೀವಿ, ವಾದ ನಡೆಯುತ್ತೆ. ಇದು ಹಾಗಲ್ಲ. ಬರೆದುಕೊಟ್ಟ ಕಾಗದದ ಮೇಲೆ ಹಾಕಿರೋ ದಾವೆ. ಇದರಲ್ಲಿ ವಾದ ಮಾಡೋಕೇ ಮೊದಲು ಕೋರ್ಟಿನ ಅನುಮತಿ ಕೇಳಬೇಕು. ಅರ್ಜಿ ಹಾಕೋಕೆ ಸಮಯವೂ ಕಡಿಮೆ. ಅನುಮತಿ ಸಿಗಲಿಲ್ಲ ಅಂದ್ರೆ ಅವರು ಕೇಳಿದಷ್ಟಕ್ಕೆ ಸೀದಾ ಡಿಕ್ರಿ, ಕಟ್ಟಲೇಬೇಕು ಅನ್ನೋ ತೀರ್ಪು."

"ನನ್ನ ಬಾಯಿ ನಾನು ಬಿಡೋಕೂ ಅಪ್ಪಣೆ ಬೇಕಾ ಮೇಡಂ?"

"ಬೇಕು. ನಿಮ್ಮ ಹತ್ರ ಹೇಳೋಕೆ ನಿಜವಾಗಲೂ ಏನಾದ್ರೂ ಇದೆ ಅಂತ ನ್ಯಾಯಾಧೀಶರಿಗೆ ಅನ್ನಿಸಬೇಕು. ಬಲವಂತದಿಂದ ಬರೆಸಿಕೊಂಡ್ರು ಅಂತ ಬರೀ ಒಂದು ಸಾಲು ಬರೆದ್ರೆ ಯಾರೂ ನಂಬಲ್ಲ. ಸಾಲ ತಗೊಂಡೋರೆಲ್ಲ ಅದನ್ನೇ ಹೇಳ್ತಾರೆ. ಹೇಳಿ, ಹೊಡೆದ್ರಾ?"

"ಇಲ್ಲ."

"ಚಾಕು, ಗೀಕು?"

"ಚಹಾ ಕೊಟ್ರು."

ವಕೀಲೆ ಪೆನ್ನು ಕೆಳಗಿಟ್ಟಳು. "ನಿಮಗೆ ಅಲ್ಲಿಂದ ಎದ್ದು ಹೋಗೋಕೆ ಆಗ್ತಿತ್ತಾ?"

ಅವಳು ಯೋಚಿಸಿದಳು. ಈ ಪ್ರಶ್ನೆಯನ್ನು ತನಗೆ ತಾನೇ ಎಷ್ಟು ಸಲ ಕೇಳಿಕೊಂಡಿದ್ದಳೋ. ಪೆನ್ನು ಹಿಡಿದದ್ದು ತನ್ನದೇ ಕೈ, ಕೇಳಿ ಪಡೆದದ್ದೂ ತಾನೇ. ಅದನ್ನು ಬಲವಂತ ಅನ್ನಬಹುದೇ, ಅಥವಾ ಅದು ತನ್ನ ಹೇಡಿತನಕ್ಕೆ ಇಟ್ಟುಕೊಂಡ ಒಳ್ಳೆಯ ಹೆಸರೇ?

"ನನಗೆ ಆಗ್ತಿತ್ತು" ಎಂದಳು. "ಅವನಿಗೆ ಆಗ್ತಿರಲಿಲ್ಲ."

ವಕೀಲೆ ಪೆನ್ನು ಮತ್ತೆ ಎತ್ತಿಕೊಂಡಳು. "ಅದನ್ನೇ ಬರೆಯೋಣ. ಶಟರು ಎಷ್ಟು ಇಳಿದಿತ್ತು, ಅವನು ಎಲ್ಲಿ ಕೂತಿದ್ದ, ನೀವು ಎಲ್ಲಿ ಕೂತಿದ್ರಿ, ಎಲ್ಲ."

"ಕಮೋಡಿನ ಮೇಲೆ."

"ಏನು?"

"ಹೊಸದು ಮೇಡಂ. ಪ್ಲಾಸ್ಟಿಕ್ ಸುತ್ತಿತ್ತು."

ವಕೀಲೆ ನಗು ತಡೆದುಕೊಂಡಳು. ಮೂಲೆಯಲ್ಲಿದ್ದ ಟೈಪಿಸ್ಟ್ ತಡೆದುಕೊಳ್ಳಲಿಲ್ಲ. "ಅದೂ ಬರಲಿ" ಎಂದಳು ವಕೀಲೆ. "ಯಾರೂ ಕಟ್ಟಿ ಹೇಳೋ ಮಾತಲ್ಲ ಅದು. ಆದ್ರೆ ಎರಡು ಕಂತು ಕಟ್ಟಿದೀರಿ, ಪೊಲೀಸರ ಹತ್ರ ಹೋಗಿಲ್ಲ, ಇವೆರಡೂ ನಮ್ಮ ಕಾಲಿಗೆ ತೊಡರುತ್ತವೆ. ನಿಮ್ಮ ತಮ್ಮ ಒಂದು ಪ್ರಮಾಣಪತ್ರ, ಅಂದ್ರೆ ಅಫಿಡವಿಟ್ಟು, ಕೊಡಲಿ. ಕೂಡಿಹಾಕಿದ್ದು ಅವನನ್ನ. ಅವನು ಹೇಳಿದ್ರೆ ತೂಕ ಬೇರೆ."

ತಮ್ಮನನ್ನು ಅವಳು ಅಂಗಡಿಗೆ ಕರೆಸಿಕೊಂಡಳು. ಅವನು ಬಟ್ಟೆಯ ತಾನುಗಳ ಮಧ್ಯೆ ನಿಂತು, ಒಂದೊಂದನ್ನೇ ಮುಟ್ಟುತ್ತ ಕೇಳಿಸಿಕೊಂಡ.

"ನನ್ನ ಹೆಸರು ತರಬೇಡಕ್ಕ" ಎಂದ. "ಗಲ್ಲಾ ಮುಂದೆ ಕೂರೋ ಕೆಲಸ. ಕಳ್ಳತನದ ಮಾತು ಬಂತು ಅಂದ್ರೆ ಮಾರನೇ ದಿನ ಮನೆಗೆ ಕಳಿಸ್ತಾರೆ. ಇವಳು ಬೇರೆ ಈ ಸ್ಥಿತೀಲಿ. ಕಟ್ಟಿಬಿಡೋಣ, ನಾನೂ ಅಷ್ಟಷ್ಟು ಕೊಡ್ತೀನಿ."

"ಮಾಡದೇ ಇರೋ ತಪ್ಪಿಗೆ ಯಾಕೋ ಕಟ್ಟಬೇಕು?"

ಅವನು ನೀಲಿ ತಾನಿನ ಅಂಚನ್ನು ಬೆರಳಿನಿಂದ ಬಿಚ್ಚುತ್ತಿದ್ದ, ದಾರ ಒಂದೊಂದೇ ಬರುತ್ತಿತ್ತು. ಅದನ್ನು ನೋಡುತ್ತ ನೋಡುತ್ತ ಅವಳಿಗೆ ಅರ್ಥವಾಯಿತು.

"ತಗೊಂಡಿದ್ಯಾ?"

"ಅವರು ಹೇಳಿದಷ್ಟಲ್ಲ."

"ನಾನು ಅದನ್ನ ಕೇಳಲಿಲ್ಲ."

"ಕೆಲವು ನಲ್ಲಿ. ಒಬ್ಬ ಪ್ಲಂಬರ್ ಕೇಳ್ತಿದ್ದ. ಮದುವೆ ಖರ್ಚು ಇತ್ತಲ್ಲ, ಆಗ. ಉಳಿದಿದ್ದು ನಾನಲ್ಲ, ಆಣೆ ಮಾಡಿ ಹೇಳ್ತೀನಿ. ಅಲ್ಲಿ ಎಲ್ಲರ ಕೈಯೂ ಉದ್ದ ಇತ್ತು."

ಅವಳು ಕೂತುಬಿಟ್ಟಳು. ಆ ದಿನ ಗೋಡೌನಿನಲ್ಲಿ ಅವಳಿಗೆ ಇದ್ದ ಒಂದೇ ಧೈರ್ಯ ಎಂದರೆ ತಮ್ಮ ತಪ್ಪು ಮಾಡಿಲ್ಲ ಎಂಬುದು. ಆ ನಂಬಿಕೆಯ ಮೇಲೆ ಸಹಿ ಹಾಕಿದ್ದಳು, ಗಂಡನಿಂದ ಮುಚ್ಚಿಟ್ಟಿದ್ದಳು, ಕಣ್ಣು ಉರಿಯುವವರೆಗೆ ಹೊಲಿದು ಕಂತು ಕಟ್ಟಿದ್ದಳು. ಮದುವೆಯಲ್ಲಿ ಅವನು ಅವಳಿಗೆ ಒಂದು ಒಳ್ಳೆಯ ಸೀರೆ ತಂದುಕೊಟ್ಟಿದ್ದ. ಅದನ್ನು ನಾಲ್ಕು ಜನರಿಗೆ ತೋರಿಸಿ ಹಿಗ್ಗಿದ್ದಳು.

"ಹೋಗು" ಎಂದಳು. ಅವನು ಹೋದ ಮೇಲೆ ಅವನು ಬಿಚ್ಚಿದ್ದ ಅಂಚನ್ನು ಕತ್ತರಿಸಿ ನೇರ ಮಾಡಿದಳು.

ಮಾರನೇ ದಿನ ವಕೀಲೆಯ ಮುಂದೆ ನಿಂತು, ಅರ್ಜಿ ಬೇಡ, ಕಟ್ಟಿಬಿಡುತ್ತೇನೆ ಎಂದಳು. ಕಾರಣವನ್ನೂ ಹೇಳಿದಳು. ವಕೀಲೆಗೆ ಆಶ್ಚರ್ಯವೇನೂ ಆಗಲಿಲ್ಲ.

"ಅವನು ಕದ್ದಿದ್ರೆ ಅವನ ಮೇಲೆ ದೂರು ಕೊಡಬೇಕಿತ್ತು. ಅದಕ್ಕೊಂದು ದಾರಿ ಇದೆ. ಅವನನ್ನ ಕೂಡಿಹಾಕಿ, ನೀವು ತಗೊಳ್ಳದೇ ಇರೋ ಸಾಲಕ್ಕೆ ನಿಮ್ಮ ಕೈಲಿ ಬರೆಸಿಕೊಳ್ಳೋದು ಆ ದಾರಿ ಅಲ್ಲ. ನೀವು ಆ ಯಜಮಾನನಿಂದ ಸಾಲ ತಗೊಂಡ್ರಾ?"

"ಇಲ್ಲ."

"ಮತ್ತೆ ಯಾಕೆ ತಗೊಂಡೆ ಅಂತ ಒಪ್ಪಿಕೊಳ್ತೀರಿ?"

ಅವಳು ಅರ್ಜಿಗೆ ಸಹಿ ಹಾಕಿದಳು. ಅರ್ಜಿ ಹೋಯಿತು, ಅವಳೊಬ್ಬಳ ಪ್ರಮಾಣಪತ್ರದ ಜೊತೆ. ತಮ್ಮ ಕದ್ದ, ಕದ್ದಿಲ್ಲ ಎಂಬ ಎರಡು ಮಾತೂ ಅದರಲ್ಲಿರಲಿಲ್ಲ. ಅವನನ್ನು ಕೂಡಿಹಾಕಿದ್ದರು, ಅವನನ್ನು ಬಿಡಿಸಿಕೊಳ್ಳಲು ಸಹಿ ಹಾಕಿದೆ ಎಂದಷ್ಟೇ ಇತ್ತು.

ಯಜಮಾನನ ಉತ್ತರ ಬಂದಾಗ ಅದನ್ನು ಗಂಡನೇ ಓದಿದ. ಬಹಳ ದಿನಗಳ ಮೇಲೆ ಅವಳ ಪಕ್ಕ ಕೂತು, ದನಿ ತೆಗೆದು ಓದಿದ. ಗೋಡೌನಿನಲ್ಲಿ ಯಾರನ್ನೂ ಕೂಡಿಹಾಕಿಲ್ಲ, ಅಂದು ಪ್ರತಿವಾದಿಯ ತಮ್ಮ ಕೆಲಸಕ್ಕೇ ಬಂದಿರಲಿಲ್ಲ. ಅಂಗಡಿಯಲ್ಲಿ ಯಾವ ಮಾಲೂ ಕಳುವಾಗಿಲ್ಲ. ಸದರಿ ತಮ್ಮನು ಅತ್ಯಂತ ಪ್ರಾಮಾಣಿಕ ನೌಕರನಾಗಿದ್ದು, ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿರುತ್ತಾನೆ. ಪ್ರತಿವಾದಿಯು ತಾನಾಗಿ ಅಂಗಡಿಯ ಕಚೇರಿಗೆ ಬಂದು, ಕಣ್ಣೀರಿಟ್ಟು ಸಾಲ ಬೇಡಿ, ಈಗ ಕೊಡಲಾಗದೆ ಕಥೆ ಕಟ್ಟಿರುತ್ತಾಳೆ.

"ಅತ್ಯಂತ ಪ್ರಾಮಾಣಿಕ" ಎಂದು ಗಂಡ ಇನ್ನೊಮ್ಮೆ ಓದಿದ. "ನಿನ್ನ ತಮ್ಮನಿಗೆ ಇಂಥ ಸರ್ಟಿಫಿಕೇಟು ಯಾವ ಶಾಲೆಯೂ ಕೊಟ್ಟಿರಲಿಲ್ಲ."

ಅವಳಿಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಕೂಡಿಹಾಕಿದ್ದನ್ನು ಮುಚ್ಚಲು ಯಜಮಾನ ಕಳ್ಳತನವನ್ನೇ ಮುಚ್ಚಿದ್ದ. ಈಗ ತಮ್ಮ ಸುಮ್ಮನಿದ್ದರೆ ಅವನು ಪ್ರಾಮಾಣಿಕ, ಅವಳು ಸುಳ್ಳಿ. ಅವನು ಬಾಯಿ ಬಿಟ್ಟರೆ ಅವಳು ಹೇಳಿದ್ದು ನಿಜ, ಅವನು ಕಳ್ಳ.

"ನಾನು ಹೋಗಿ ಅವನ ಕಿವಿ ಹಿಂಡಿ ಎಳೆದುಕೊಂಡು ಬರಲಾ?" ಎಂದ ಗಂಡ.

"ಬೇಡ. ಎಳೆದುಕೊಂಡು ಬಂದು ಸಹಿ ಹಾಕಿಸಿದ್ರೆ ನಮಗೂ ಅವರಿಗೂ ಏನು ವ್ಯತ್ಯಾಸ?"

ಅವಳೇ ಔಷಧಿ ಅಂಗಡಿಗೆ ಹೋದಳು. ಜನರ ಸಾಲಿತ್ತು, ಸಾಲಿನಲ್ಲೇ ನಿಂತಳು. ತನ್ನ ಸರದಿ ಬಂದಾಗ ತಲೆನೋವಿನ ಮಾತ್ರೆ ಕೇಳಿದಳು. ತಮ್ಮ ಅವಳ ಮುಖ ನೋಡದೆ ಮಾತ್ರೆ ಕೊಟ್ಟು ಚಿಲ್ಲರೆ ಎಣಿಸತೊಡಗಿದ.

"ನೀನು ತುಂಬ ಪ್ರಾಮಾಣಿಕ ಅಂತ ಅವರು ಕೋರ್ಟಲ್ಲಿ ಪ್ರಮಾಣ ಮಾಡಿದಾರೆ" ಎಂದಳು, ಹಿಂದಿನವರಿಗೆ ಕೇಳದಷ್ಟು ಮೆಲ್ಲಗೆ. "ಕಥೆ ಕಟ್ಟಿರೋಳು ನಾನಂತೆ. ಅದೇ ಇರಲಿ ಅಂದ್ರೆ ಇರಲಿ. ನಾನು ನಿನ್ನ ಮೇಲೆ ಏನೂ ಬರೆದುಕೊಟ್ಟಿಲ್ಲ. ಇಷ್ಟು ಹೇಳಿ ಹೋಗೋಣ ಅಂತ ಬಂದೆ."

ಚಿಲ್ಲರೆ ತೆಗೆದುಕೊಂಡು ಹೊರಬಂದಳು. ಬೀದಿಯ ತಿರುವಿನವರೆಗೂ ಅವನು ಹಿಂದೆ ಬರಬಹುದು ಎಂದುಕೊಂಡಳು. ಬರಲಿಲ್ಲ.

ವಿಚಾರಣೆಯ ದಿನ ಹತ್ತಿರ ಬಂತು. ಅವಳಿಗೆ ಮಿಷನ್ನಿನ ಮುಂದೆ ಕೂತರೆ ಕೈ ಓಡುತ್ತಿರಲಿಲ್ಲ. ಒಬ್ಬರ ಮನೆಯ ಪರದೆಗೆ ಒಂದು ಗೇಣು ಕಡಿಮೆ ಕತ್ತರಿಸಿ, ಹೊಸ ಬಟ್ಟೆ ತನ್ನ ಕೈಯಿಂದ ಹಾಕಿಕೊಟ್ಟಳು. ಅಂಥ ತಪ್ಪು ಅವಳು ಕಲಿಯುವ ಕಾಲದಲ್ಲೂ ಮಾಡಿರಲಿಲ್ಲ.

ಒಂದು ಬೆಳಿಗ್ಗೆ ವಕೀಲೆ ಫೋನ್ ಮಾಡಿ ಬೇಗ ಬನ್ನಿ ಎಂದಳು. ಹೋದರೆ ಅಲ್ಲಿ ತಮ್ಮ ಕೂತಿದ್ದ. ಪಕ್ಕದಲ್ಲಿ ಅವನ ಹೆಂಡತಿ ನಿಂತಿದ್ದಳು. ತುಂಬಿದ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳು, ಕುರ್ಚಿ ಕೊಟ್ಟರೂ ಕೂತಿರಲಿಲ್ಲ. ಅತ್ತು ಅತ್ತು ಕಣ್ಣು ಊದಿತ್ತು.

"ಇವರು ಮಾಡಿದ್ದು ನಿಮಗೆ ಮೊದಲೇ ಗೊತ್ತಿತ್ತಾ ಅತ್ತಿಗೆ?" ಎಂದು ಅವಳು ಕೇಳಿದಳು.

"ಇಲ್ಲಮ್ಮ. ಸಹಿ ಹಾಕುವಾಗ ಗೊತ್ತಿರಲಿಲ್ಲ."

"ಸದ್ಯ" ಎಂದಳು ಆ ಹುಡುಗಿ. "ನನಗೊಬ್ಬಳಿಗೇ ಗೊತ್ತಿರಲಿಲ್ಲವೇನೋ ಅಂದುಕೊಂಡಿದ್ದೆ."

ವಕೀಲೆ ತಮ್ಮನಿಗೆ ಬಿಡಿಸಿ ಹೇಳಿದಳು. ನೀನು ಬರೆದುಕೊಡುವುದನ್ನು ಹಿಡಿದು ನಾಳೆ ಅವರು ನಿನ್ನ ಮೇಲೆಯೇ ದೂರು ಕೊಡಬಹುದು. ಕೆಲಸ ಹೋಗಬಹುದು. ಯೋಚನೆ ಮಾಡಿದ್ದೀಯಾ? ಅವನು ತಲೆ ಅಲ್ಲಾಡಿಸಿದ. ಟೈಪಿಸ್ಟು ಕೇಳಿ ಕೇಳಿ ಟೈಪು ಮಾಡಿದ. ಎಷ್ಟು ನಲ್ಲಿ, ಯಾರಿಗೆ ಮಾರಿದ್ದು, ಯಾವಾಗ ಹಿಡಿದರು, ಯಾರು ಚಪ್ಪಲಿ ತೆಗೆದರು, ಅಕ್ಕ ಬರುವವರೆಗೆ ಡ್ರೈವರು ಏನು ಮಾಡಿದ. ಅದನ್ನು ಅವಳು ಅದೇ ಮೊದಲ ಸಲ ಕೇಳಿದಳು. ಒದ್ದೆ ಗೋಣಿಯಲ್ಲಿ ನಲ್ಲಿ ಸುತ್ತಿ ಬೆನ್ನಿಗೆ ಹೊಡೆದಿದ್ದರು, ಗುರುತು ಕಾಣದ ಹಾಗೆ. ಸಿಟ್ಟು ಯಾರ ಮೇಲೆ ಎಂದು ತಿಳಿಯದೆ ಅದು ಅವಳೊಳಗೇ ಸುತ್ತಾಡಿತು.

ಕೋರ್ಟಿನ ಕೋಣೆ ಅವಳು ಎಣಿಸಿದ್ದಕ್ಕಿಂತ ಚಿಕ್ಕದಿತ್ತು. ಕಿಟಕಿಗಳಿಗೆ ಬಣ್ಣ ಹೋದ ಪರದೆಗಳು, ಒಂದು ಕಡೆ ಕೊಕ್ಕೆ ಬಿಟ್ಟು ಜೋಲುತ್ತಿದ್ದವು. ಯಜಮಾನ ಮುಂದಿನ ಬೆಂಚಿನಲ್ಲಿ ಕೂತಿದ್ದ. ಅವಳನ್ನು ಕಂಡು ಪರಿಚಯದವರನ್ನು ಕಂಡಂತೆ ತಲೆ ತೂಗಿದ.

ಅವನ ವಕೀಲ ಚುರುಕಾಗಿದ್ದ. ಈಕೆ ಓದು ಬರಹ ಬಲ್ಲವಳು, ಸ್ವಂತ ವ್ಯಾಪಾರ ಮಾಡುವವಳು. ಸಹಿ ತನ್ನದೇ ಎಂದು ಒಪ್ಪುತ್ತಾಳೆ. ಎರಡು ಕಂತು ಕಟ್ಟಿದ್ದಾಳೆ. ಬಲವಂತವಾಗಿದ್ದರೆ ಸಮನ್ಸು ಬರುವವರೆಗೆ ಬಾಯಿಗೆ ಬೀಗ ಹಾಕಿಕೊಂಡಿದ್ದಳೇಕೆ? ತಮ್ಮನ ಪ್ರಮಾಣಪತ್ರ ಕೊನೇ ಗಳಿಗೆಯಲ್ಲಿ ಹುಟ್ಟಿದ್ದು, ಕಳ್ಳನೆಂದು ತಾನೇ ಹೇಳಿಕೊಳ್ಳುವವನ ಮಾತಿಗೆ ಬೆಲೆ ಏನು?

ವಕೀಲೆ ಎದ್ದು, ಅಕ್ಕನನ್ನು ಉಳಿಸಲು ಒಬ್ಬ ಮನುಷ್ಯ ಸುಳ್ಳು ಹೇಳಬಹುದು ಸ್ವಾಮಿ, ಆದರೆ ತಾನು ಜೈಲಿಗೆ ಹೋಗಬಹುದಾದ ಸುಳ್ಳನ್ನು ಹೇಳುವುದು ಅಪರೂಪ ಎಂದಳು. ಪಕ್ಕದ ಬೀದಿಯಲ್ಲಿ ಹೊಲಿಯುವ ಹೆಂಗಸಿಗೆ ಅಷ್ಟು ದೊಡ್ಡ ಮೊತ್ತವನ್ನು ಯಾವ ಆಧಾರವೂ ಇಲ್ಲದೆ ನಗದಾಗಿ ಏಕೆ ಕೊಟ್ಟರು, ಸಾಕ್ಷಿ ಹಾಕಲು ಕಚೇರಿಯ ಗುಮಾಸ್ತರನ್ನು ಬಿಟ್ಟು ಗೋಡೌನಿನ ಆಳುಗಳು ಹೇಗೆ ಸಿಕ್ಕರು ಎಂದೂ ಕೇಳಿದಳು.

ನ್ಯಾಯಾಧೀಶರು ಕಾಗದಗಳನ್ನು ಹಿಂದೆ ಮುಂದೆ ಮಾಡಿ, ಒಂದು ಸಾಲಿನ ಮೇಲೆ ಕಣ್ಣು ನಿಲ್ಲಿಸಿ, ತುಟಿಯಂಚಿನಲ್ಲಿ ಸ್ವಲ್ಪ ನಕ್ಕಂತೆ ಕಂಡಿತು. ಕಮೋಡಿನ ಸಾಲೇ ಇರಬೇಕು ಎಂದು ಅವಳು ತಲೆ ತಗ್ಗಿಸಿದಳು. ಆಗ ಅವರು ಅವಳನ್ನೇ ಕೇಳಿದರು.

"ಕಂತು ಯಾಕಮ್ಮ ಕಟ್ಟಿದ್ರಿ?"

"ಕಟ್ಟದೇ ಇದ್ರೆ ಅವನನ್ನ ಮತ್ತೆ ಕರ್ಕೊಂಡು ಹೋಗಿ ಕೂರಿಸ್ತಾರೆ ಅಂತ ಸ್ವಾಮಿ."

"ಆಮೇಲೆ ಯಾಕೆ ನಿಲ್ಲಿಸಿದ್ರಿ?"

ವಕೀಲೆ ಅವಳ ಕಡೆ ತಿರುಗಿದಳು. ಇದಕ್ಕೆ ಅವರು ತಯಾರಿ ಮಾಡಿರಲಿಲ್ಲ.

"ದುಡ್ಡಿರಲಿಲ್ಲ ಸ್ವಾಮಿ. ಇದ್ದಿದ್ರೆ ಕಟ್ಟುತ್ತಲೇ ಇರ್ತಿದ್ದೆ. ಇಲ್ಲೀವರೆಗೆ ಬರ್ತಾನೇ ಇರಲಿಲ್ಲ."

ನ್ಯಾಯಾಧೀಶರು ಅದನ್ನು ಬರೆದುಕೊಂಡರು.

ಆದೇಶ ಮುಂದಿನ ವಾರ ಬಂತು. ಪ್ರತಿವಾದಿಗೆ ವಾದಿಸಲು ಅನುಮತಿ ಕೊಟ್ಟಿದೆ, ಆದರೆ ಅಷ್ಟು ಕಾಲ ಸುಮ್ಮನಿದ್ದುದನ್ನು ಪೂರ್ತಿ ಕಡೆಗಣಿಸಲಾಗದು, ಆದ್ದರಿಂದ ಕೇಳಿದ ಮೊತ್ತದ ಕಾಲುಭಾಗವನ್ನು ಕೋರ್ಟಿನಲ್ಲಿ ಠೇವಣಿ ಇಡತಕ್ಕದ್ದು. ಬೀದಿಯವರು ಕೈಕುಲುಕಿ ಗೆದ್ದಿರಂತೆ ಎಂದರು. ಗೆದ್ದದ್ದು ಜಗಳವಾಡುವ ಹಕ್ಕು ಎಂದು ಅವಳು ಯಾರಿಗೂ ಬಿಡಿಸಿ ಹೇಳಲು ಹೋಗಲಿಲ್ಲ. ಕಾಲುಭಾಗ ಎಂದರೆ ತನ್ನನ್ನು ಮುಕ್ಕಾಲು ಪಾಲು ನಂಬಿದ್ದಾರೆ ಎಂದು ಮಾತ್ರ ಲೆಕ್ಕ ಹಾಕಿಕೊಂಡಳು.

ಠೇವಣಿಗೆ ಅಂಗಡಿಯನ್ನೇ ಎರಡು ಮಾಡಬೇಕಾಯಿತು. ಮಧ್ಯೆ ಪ್ಲೈವುಡ್ ಗೋಡೆ ನಿಲ್ಲಿಸಿ, ಬೀದಿಗೆ ತೆರೆದ ಮುಂಭಾಗವನ್ನು ಮೊಬೈಲ್ ಕವರು ಮಾರುವವನಿಗೆ ಮುಂಗಡ ಪಡೆದು ಬಿಟ್ಟುಕೊಟ್ಟಳು. ಅಂದಿನಿಂದ ಅವಳ ಗಿರಾಕಿಗಳು ಪಕ್ಕದ ಓಣಿಯಿಂದ ಸುತ್ತಿ ಬರಬೇಕಾಯಿತು. ಹಗಲಲ್ಲೂ ದೀಪ ಹಾಕಿ ಹೊಲಿಯಬೇಕಾಯಿತು. ಪ್ಲೈವುಡ್ಡನ್ನು ಗಂಡನೇ ರಜೆ ಹಾಕಿ ಬಡಿದ. ಮೊಳೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ, "ಮುಂದಿನ ಸಲ ಎಲ್ಲಾದ್ರೂ ಸಹಿ ಹಾಕುವಾಗ ನನ್ನನ್ನೂ ಕರಿ, ಚಹಾ ಕುಡಿಯೋಕಾದ್ರೂ ಬರ್ತೀನಿ" ಎಂದ. ಅವರ ನಡುವಿನ ಗಂಟು ಆಗ ಸಡಿಲವಾಯಿತು.

ತಮ್ಮನ ಕೆಲಸ ಆ ತಿಂಗಳೇ ಹೋಯಿತು. ಹೆಂಡತಿ ಹೆರಿಗೆಗೆಂದು ತವರಿಗೆ ಹೋದವಳು ಹೆಣ್ಣು ಮಗು ಹೆತ್ತು, ಬೇಗ ಬರಲಿಲ್ಲ. ಬಂದಾಗಲೂ ಮನೆಯ ದುಡ್ಡನ್ನೆಲ್ಲ ತನ್ನ ಕೈಗೇ ಕೊಡಬೇಕು ಎಂಬ ಮಾತಿನ ಮೇಲೆ ಬಂದಳು.

ಕೇಸು ಎರಡು ವರ್ಷ ಎಳೆಯಿತು. ಯಜಮಾನ ಸಾಕ್ಷಿಕಟ್ಟೆ ಹತ್ತಲು ಒಂದಲ್ಲ ಒಂದು ನೆಪ ಹೇಳಿ ದಿನ ತಳ್ಳಿದ. ಕೊನೆಗೆ ಹತ್ತಿದ ದಿನ, ಅಷ್ಟು ನಗದು ಎಲ್ಲಿಂದ ಬಂತು, ಯಾವ ಲೆಕ್ಕದಲ್ಲಿ ತೋರಿಸಿದ್ದೀರಿ ಎಂಬ ಪ್ರಶ್ನೆಗೆ ಅವನ ಮೆಲುದನಿ ಇನ್ನಷ್ಟು ಮೆಲ್ಲಗಾಯಿತು. ಡ್ರೈವರು ಸಹಿಯಾದದ್ದು ಗೋಡೌನಿನಲ್ಲಿ ಎಂದು ಬಾಯಿತಪ್ಪಿ ಅಂದುಬಿಟ್ಟ. ಮುಂದಿನ ದಿನಾಂಕಕ್ಕೆ ಯಜಮಾನನ ಕಡೆಯಿಂದ ರಾಜಿಯ ಮಾತು ಬಂತು. ದಾವೆ ಹಿಂದೆ ತೆಗೆದುಕೊಳ್ಳುತ್ತಾನೆ, ಠೇವಣಿ ಅವಳಿಗೆ ವಾಪಸು. ಕಟ್ಟಿದ ಎರಡು ಕಂತನ್ನು ತಮ್ಮ ತೆಗೆದ ನಲ್ಲಿಗಳಿಗೆ ಹಿಡಿದುಕೊಳ್ಳುವುದು. ಒಬ್ಬರ ಮೇಲೊಬ್ಬರು ಇನ್ನು ಯಾವ ದೂರೂ ಕೊಡಬಾರದು.

"ಕೊನೆವರೆಗೆ ಹೋದ್ರೆ ಗೆಲ್ಲಬಹುದು" ಎಂದಳು ವಕೀಲೆ. "ಆದ್ರೆ ನಿಮ್ಮ ತಮ್ಮನ ಮೇಲೆ ದೂರು ಬೀಳೋ ಭಯ ತಲೆ ಮೇಲೆ ಇದ್ದೇ ಇರುತ್ತೆ."

ಅವಳು ರಾಜಿಗೆ ಒಪ್ಪಿದಳು. ಈ ಕಾಗದವನ್ನು ಅವಳು, ಗಂಡ, ತಮ್ಮ ಮೂವರೂ ಕೂತು ಓದಿದರು. ಗಂಡ ಒಂದು ಕಾಗುಣಿತದ ತಪ್ಪು ಹುಡುಕಿ ತಿದ್ದಿಸಿದ. ಸಹಿಯಾದ ಮೇಲೆ ಯಜಮಾನ ಹೊರಗೆ ಮೆಟ್ಟಿಲ ಬಳಿ ಸಿಕ್ಕಿ, "ಮನಸ್ಸಲ್ಲಿ ಇಟ್ಕೋಬೇಡ ತಂಗಿ" ಎಂದ. ಅವಳು ಮೆಟ್ಟಿಲಿಳಿದು ಹೋದಳು.

ಠೇವಣಿ ಕೈಗೆ ಬಂದರೂ ಮೊಬೈಲ್ ಕವರಿನವನ ಕರಾರು ಮುಗಿದಿರಲಿಲ್ಲ, ಪ್ಲೈವುಡ್ ಗೋಡೆ ಹಾಗೇ ಉಳಿಯಿತು. ತಮ್ಮನಿಗೆ ಬೇರೆಲ್ಲೂ ಕೆಲಸ ಸಿಗದೆ ಅವಳೇ ಜೊತೆಗೆ ಕರೆದುಕೊಂಡಳು. ಈಗ ಅವನು ಡ್ರಿಲ್ ಹಿಡಿದು ಗೋಡೆಗೆ ತೂತು ಹಾಕಿ ಪರದೆಯ ಕಂಬಿ ಕೂರಿಸುತ್ತಾನೆ. ಕೈ ಚೊಕ್ಕ, ಮಾತು ಕಡಿಮೆಯಾಗಿದೆ. ಮಗಳ ಫೋಟೋ ತೋರಿಸುವಾಗ ಮಾತ್ರ ಹಿಂದಿನವನಾಗುತ್ತಾನೆ. ಅಕ್ಕ ಅವನಿಗೆ ದಿನದ ಕೂಲಿಯನ್ನು ದಿನವೇ ಕೊಡುತ್ತಾಳೆ, ಅವನು ಅದನ್ನು ಹಾಗೇ ಒಯ್ದು ಹೆಂಡತಿಗೆ ಕೊಡುತ್ತಾನೆ.

ಮೊನ್ನೆ ಒಂದು ದೊಡ್ಡ ಮನೆಯಲ್ಲಿ ಕೆಲಸವಿತ್ತು. ಮಲಗುವ ಕೋಣೆಯಲ್ಲಿ, ಕೀಲಿಕೈ ನೇತಾಡುತ್ತಿದ್ದ ಕಪಾಟಿನ ಪಕ್ಕ, ತಮ್ಮ ಒಬ್ಬನೇ ಏಣಿ ಹತ್ತಿದ್ದ. ಮನೆಯಾಕೆ, "ಬನ್ನಿ ಅಕ್ಕಾ, ಹಾಲ್‌ಗೆ ಯಾವ ಬಣ್ಣ ಒಪ್ಪುತ್ತೆ ನೋಡೋಣ" ಎಂದು ಅವಳನ್ನು ಈಚೆಗೆ ಕರೆದಳು. ಅವಳು ಬಟ್ಟೆಯ ಮಾದರಿಗಳನ್ನು ಒಂದೊಂದಾಗಿ ಮಡಿಲಲ್ಲಿ ಹರಡಿ, ಇದು ಬಿಸಿಲಿಗೆ ತಡೆಯುತ್ತೆ, ಇದು ಒಗೆದರೆ ಬಣ್ಣ ಬಿಡುತ್ತೆ ಎಂದು ಹೇಳುತ್ತಿದ್ದಳು. ಒಳಗೆ ಡ್ರಿಲ್ಲಿನ ಸದ್ದು ನಿಂತಿತು. ಹೇಳುತ್ತಿದ್ದ ಮಾತು ಅವಳಿಗೆ ಮರೆತುಹೋಯಿತು. ಮನೆಯಾಕೆ ಕಾಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಸದ್ದು ಮತ್ತೆ ಶುರುವಾಯಿತು. ಅವಳು ತನ್ನ ಮೇಲೆ ತನಗೇ ಹೇಸಿಕೆಯಾಗಿ, ಕೈಗೆ ಸಿಕ್ಕ ಮುಂದಿನ ಬಟ್ಟೆಯನ್ನು ಬಿಡಿಸಿ ಬೆಳಕಿಗೆ ಹಿಡಿದಳು.